ನಕ್ಷೆಯ ಮುಂದಿನ ತುಂಡು

ಹದಿನಾಲ್ಕು ತಿಂಗಳಿಂದ ಮಕೋಖಾನ ಮೇಜಿನ ಮೇಲೆ ಒಂದು ಫೈಲು ಕೂತಿತ್ತು. ಹೊರಡುವ ಮಾತೇ ಎತ್ತದ ನೆಂಟನ ಹಾಗೆ ತಳವೂರಿತ್ತು ಅಂದರೂ ಸರಿಯೇ. ‘ಚಲಿಸುತ್ತಿರುವ ಬಳಕೆದಾರನ ಮೊಬೈಲ್ ಸಾಧನಕ್ಕೆ ಡಿಜಿಟಲ್ ನಕ್ಷೆಯ ದತ್ತಾಂಶವನ್ನು ಹಂತಹಂತವಾಗಿ ತಲುಪಿಸುವ ವಿಧಾನ’ ಎಂದು ಅದರ ಮೇಲೆ ಬರೆದಿತ್ತು.

ವಕೀಲರ ಭಾಷೆಯನ್ನು ಸುಲಿದು ನೋಡಿದರೆ ಒಳಗಿದ್ದದ್ದು ಇಷ್ಟೇ. ನಕ್ಷೆಯನ್ನು ತುಂಡುತುಂಡು ಮಾಡಬೇಕು. ದಾರಿಹೋಕನ ಫೋನಿಗೆ ಮೊದಲ ತುಂಡನ್ನು ಮಾತ್ರ ಕಳಿಸಬೇಕು. ಅವನು ‘ತಲುಪಿದೆ’ ಎಂದು ತಿಳಿಸಿದ ಮೇಲೆ ಮುಂದಿನ ತುಂಡು. ಇಡೀ ನಕ್ಷೆ ಅವನಿಗೆ ಯಾವತ್ತೂ ಕಾಣುವುದಿಲ್ಲ. ಹಾಗಾಗಿ ಹಳೇ ಫೋನಿಗೂ ಬಡಕಲು ನೆಟ್‌ವರ್ಕಿಗೂ ಇದು ಸಾಕು.

ನೈರೋಬಿಯಲ್ಲಿ ಕೂತು ಹನ್ನೊಂದು ವರ್ಷದಿಂದ ಪೇಟೆಂಟ್ ಅರ್ಜಿಗಳನ್ನು ಪರೀಕ್ಷಿಸುತ್ತಿದ್ದ ಮಕೋಖಾ ಹಳೆಯ ವಿದ್ಯೆಯೊಂದನ್ನು ಹೊಸದೆಂದು ಒಮ್ಮೆಯೂ ದಾಟಲು ಬಿಟ್ಟವನಲ್ಲ. ಇದು ಹಳೇದು ಎಂದು ಅವನ ಮನಸ್ಸು ಮೊದಲ ದಿನವೇ ಹೇಳಿತ್ತು. ಆದರೆ ಮನಸ್ಸು ಹೇಳಿದ್ದನ್ನು ಫೈಲಿಗೆ ಹಚ್ಚುವಂತಿಲ್ಲ. ಅರ್ಜಿಯ ತಾರೀಕಿಗಿಂತ ಮುಂಚೆ ಯಾರಾದರೂ ಇದನ್ನು ನಾಲ್ಕು ಜನರ ಕಣ್ಣೆದುರು ಮಾಡಿದ್ದಕ್ಕೆ ಪುರಾವೆ ಬೇಕು. ಜಪಾನಿನಿಂದ ಜರ್ಮನಿಯವರೆಗೆ ಹುಡುಕಿದ್ದಾಯಿತು. ಕೆಲವರು ನಕ್ಷೆಯನ್ನು ತುಂಡು ಮಾಡಿದ್ದರು, ಆದರೆ ‘ತಲುಪಿದೆಯಾ’ ಎಂದು ಕೇಳುವ ಸೌಜನ್ಯ ಒಬ್ಬರಿಗೂ ಇರಲಿಲ್ಲ.

ಆ ದಿನ ಬೆಳಿಗ್ಗೆ ಮೇಲಧಿಕಾರಿ ಚೆರೋಟಿಚ್ ಮೇಡಂ ಅವನನ್ನು ಕರೆಸಿದರು. ಹಿರಿಯ ಪರೀಕ್ಷಕನ ಜಾಗ ಖಾಲಿಯಿತ್ತು. ಆ ಜಾಗಕ್ಕೆ ಬಾಗಿಲಿರುವ ಸ್ವಂತ ಕೋಣೆಯೂ ಸೇರಿತ್ತು. ಮಕೋಖಾ ಮೂರು ವರ್ಷದಿಂದ ಆ ಬಾಗಿಲನ್ನು ಕನಸಿನಲ್ಲಿ ಹಾಕಿ ತೆಗೆದು ಮಾಡುತ್ತಿದ್ದ.

“ನೋಡು, ಇವತ್ತು ಐದು ಗಂಟೆಗೆ ನನ್ನ ಟೇಬಲ್ ಮೇಲೆ ಪುರಾವೆ ಇರ್ಬೇಕು. ಇಲ್ದಿದ್ರೆ ಪೇಟೆಂಟ್ ಕೊಟ್ಟು ಸಹಿ ಹಾಕ್ತೀನಿ, ಕೋಣೆ ಕಿಪ್ಲಗಟ್‌ಗೆ ಹೋಗುತ್ತೆ. ಸಹಿ ಬಿದ್ಮೇಲೆ ನೀನೂ ಏನೂ ಮಾಡಕ್ಕಾಗಲ್ಲ, ನಾನೂ ಏನೂ ಮಾಡಕ್ಕಾಗಲ್ಲ. ಫೋನಲ್ಲಿ ಫೋಟೋ ಗೀಟೋ ಕಳಿಸ್ಬೇಡ. ನಂಗೆ ಕಾಗದ ಬೇಕು, ಅದ್ರ ಮೇಲೆ ಶಾಯಿ ಬೇಕು” ಎಂದರು.

ಪಕ್ಕದ ಮೇಜಿನ ಕಿಪ್ಲಗಟ್ ಆಗಲೇ ಆ ಕೋಣೆಯ ಕಿಟಕಿಗೆ ಪರದೆ ಯಾವ ಬಣ್ಣದ್ದಿರಬೇಕೆಂದು ಎಲ್ಲರನ್ನೂ ಕೇಳಿಕೊಂಡು ಬರುತ್ತಿದ್ದ. ಮಕೋಖಾ ಅವನ ಮುಖ ನೋಡದೆ ಕೆಳಗಿಳಿದು ಹೋಗಿ ಕಚೇರಿಯ ಡ್ರೈವರ್ ಒಂಡುಸೋನ ಹತ್ತಿರ ಗೋಳು ಹೇಳಿಕೊಂಡ. ಒಂಡುಸೋ ಹಲ್ಲುಕಡ್ಡಿ ಜಗಿಯುತ್ತ ಕೇಳಿ, ಇದರಲ್ಲಿ ಹೊಸದೇನಿದೆ ಎಂದ. ಅವನಿರುವ ಕವಾಂಗ್ವಾರೆಯಲ್ಲಿ ಜವಾದಿಯಮ್ಮ ದಿನವೂ ಮಾಡುವುದು ಇದನ್ನೇ ಅಲ್ಲವೇ. ಆಕೆ ಚಪಾತಿ, ಬೀನ್ಸು ಮಾರುವವಳು. ಪೊಟ್ಟಣ ಒಯ್ಯುವ ಬಾಡಿಗೆ ಬೈಕಿನವರಿಗೆ ಗಲ್ಲಿಗಳು ಗೊತ್ತಿರುವುದಿಲ್ಲ. ಅದಕ್ಕೆ ಆಕೆ ಬಾಲ್‌ಪೆನ್ನಿನಲ್ಲಿ ಒಂದೊಂದೇ ತಿರುವಿನ ನಕ್ಷೆ ಬರೆದು, ಫೋಟೋ ತೆಗೆದು ಅವರ ಫೋನಿಗೆ ಕಳಿಸುತ್ತಾಳೆ. ಅವರು ‘ತಲುಪಿದೆ’ ಎಂದ ಮೇಲೆಯೇ ಮುಂದಿನ ತಿರುವು.

ಮಕೋಖಾನಿಗೆ ಒಂಡುಸೋನನ್ನು ತಬ್ಬಿಕೊಳ್ಳುವಷ್ಟು ಸಂತೋಷವಾಯಿತು. ಅಲ್ಲೇ ಆಕೆಗೆ ಫೋನು ಮಾಡಿಸಿ, ತನ್ನ ನಂಬರು ಕೊಡಿಸಿ, ಮಟಾಟು ವ್ಯಾನು ಹತ್ತಿ ಹೊರಟ.

ಕವಾಂಗ್ವಾರೆಯಲ್ಲಿ ಇಳಿಯುತ್ತಿದ್ದಂತೆ ಫೋನಿಗೆ ಮೊದಲ ಚಿತ್ರ ಬಂತು. ಪೆಟ್ರೋಲ್ ಬಂಕು, ಒಂದು ಬಾಣ, ಒಂದು ಹಿಟ್ಟಿನ ಗಿರಣಿ. ಕೊನೆಗೆ ಎಲ್ಲಿಗೆ ಬರಬೇಕು ಎಂದು ಮಕೋಖಾ ಕೇಳಿ ಕಳಿಸಿದ. ಮೊದಲು ಗಿರಣಿ ತಲುಪು ಎಂದು ಉತ್ತರ ಬಂತು. ಗಿರಣಿಯ ಹತ್ತಿರ ಫೋನು ನೋಡುತ್ತಲೇ ನಡೆದು, ಒಂದು ಕಾಲನ್ನು ಮೊಣಕಾಲಿನವರೆಗೆ ಚರಂಡಿಗೆ ಇಳಿಸಿದ. ತಲುಪಿದೆ ಎಂದು ಒತ್ತಿದ. ಗಿರಣಿಯಿಂದ ನೀಲಿ ಗೇಟು. ತಲುಪಿದೆ. ನೀಲಿ ಗೇಟಿನಿಂದ ಕ್ಷೌರದಂಗಡಿ. ತಲುಪಿದೆ. ಅಲ್ಲಿಂದ ತಿರುಗಿದರೆ ತಗಡಿನ ಅಂಗಡಿ, ಕಾವಲಿ, ಕಾವಲಿಯ ಹಿಂದೆ ಜವಾದಿಯಮ್ಮ. ಪ್ಯಾಂಟು ಕೆಟ್ಟರೂ ಮಕೋಖಾನ ಮನಸ್ಸು ಅರಳಿತು. ಅರ್ಜಿಯ ಒಂದೊಂದು ಸಾಲನ್ನೂ ಅವನು ಸ್ವಂತ ಕಾಲಿನಲ್ಲಿ ನಡೆದು ನೋಡಿದ್ದ.

ಆದರೆ ಆಗ ಊಟದ ಹೊತ್ತು. ಕಾವಲಿ ಬಿಸಿಯಿರುವಾಗ ತಾನು ಅಧ್ಯಕ್ಷರು ಬಂದರೂ ಮಾತಾಡುವುದಿಲ್ಲ ಎಂದು ಆಕೆ ಒಂದು ಬೀನ್ಸಿನ ಸೌಟನ್ನು ಅವನ ಕೈಗೆ ಕೊಟ್ಟಳು. ಸರ್ಕಾರಿ ಪರೀಕ್ಷಕ ಎರಡು ಗಂಟೆ ಹೊತ್ತು ಬೀನ್ಸು ಬಡಿಸಿದ. ಬೆಂಚಿನ ಮೇಲಿದ್ದ ಬೈಕಿನವರು, ಈ ಸಾಹೇಬರ ಕೈ ಬಿಗಿ, ಇನ್ನೊಂದು ಸೌಟು ಹಾಕಿಸು ಎಂದು ಆಕೆಗೆ ದೂರು ಹೇಳುತ್ತಲೇ ಇದ್ದರು.

ಮೂರು ಗಂಟೆಗೆ ಆಕೆ ಕೈ ಒರೆಸಿಕೊಂಡು ಕೂತಳು. ಅರ್ಜಿದಾರರ ಹೆಸರು ಹೊರಗೆ ಹೇಳಬಾರದು ಎಂಬುದು ಕಚೇರಿಯ ನಿಯಮ. ಮಕೋಖಾ ನಿಯಮ ಮೀರುವವನಲ್ಲ.

“ಯಾರೋ ಒಬ್ರು ನಿಮ್ಮ ಈ ವಿದ್ಯೇನ ತಮ್ದು, ಹೊಸದು ಅಂತ ಅರ್ಜಿ ಹಾಕಿದಾರೆ ಅಮ್ಮ. ನೀವು ಮುಂಚೆಯಿಂದ್ಲೂ ಮಾಡ್ತಿದೀರಿ ಅಂತ ಬರ್ಕೊಟ್ರೆ ಅವ್ರ ಆಟ ಮುಗೀತು” ಎಂದ.

ಜವಾದಿಯಮ್ಮನ ಮುಖ ಕೆಂಡವಾಯಿತು. ಏನೋ ಹೇಳಲು ಬಾಯಿ ತೆರೆದು, ಯಾವುದೋ ಮಾತು ನೆನಪಾದವಳಂತೆ ಮುಚ್ಚಿಕೊಂಡಳು. ಆಮೇಲೆ, “ಯಾವಳವಳು ಕಳ್ಳಿ? ಒಂದಲ್ಲ, ಹತ್ತು ಸಹಿ ಹಾಕ್ತೀನಿ ತಾ” ಎಂದಳು.

ಒಳಗಿನಿಂದ ಸಕ್ಕರೆ ಡಬ್ಬಿ ಬಂತು. ಅದರೊಳಗಿಂದ ಒಡೆದ ಗಾಜಿನ ಹಳೇ ಫೋನು ಬಂತು. ಪಕ್ಕದ ಅಂಗಡಿಯಲ್ಲಿ ಅದನ್ನು ಅರ್ಧ ಗಂಟೆ ಚಾರ್ಜಿಗೆ ಹಾಕಿದ ಮೇಲೆ ಮೊದಲ ಚಿತ್ರಗಳು ಕಂಡವು. ಆರು ವರ್ಷ ಹಿಂದಿನ ತಾರೀಕು. ಅರ್ಜಿ ಬಿದ್ದದ್ದು ಎರಡು ವರ್ಷದ ಕೆಳಗೆ. ಮಕೋಖಾ ಹೇಳಿಕೆ ಬರೆಯಲು ಕೂತ. ಊರಿಗೆಲ್ಲ ಗೊತ್ತಿತ್ತು ಎಂದು ಬರಿ, ಎದುರು ಬದಿಯ ಬೈಕ್ ನಿಲ್ದಾಣದವರೂ ನೋಡಿ ಕಲಿತಿದ್ದಾರೆ ಎಂದು ಬರಿ ಎಂದು ಆಕೆಯೇ ಒಂದೊಂದು ಮೊಳೆಯನ್ನೂ ಹೊಡೆಸಿದಳು. ಇಬ್ಬರು ಬೈಕಿನವರು ಸಾಕ್ಷಿ ಹಾಕಿದರು. ಜವಾದಿಯಮ್ಮ ಕಾಗದ ಹರಿಯುವಷ್ಟು ಒತ್ತಿ ಸಹಿ ಮಾಡಿ, ನಂಬರು ಬರೆದುಕೋ ಎಂದು ಗುರುತಿನ ಚೀಟಿ ಕೊಟ್ಟಳು.

ಮಕೋಖಾ ಚೀಟಿಯ ಮೇಲಿನ ಹೆಸರು ಓದಿದ. ಪರ್ಪೆಟುವಾ ನಂಜಾಲಾ ಸಿಮಿಯು.

ಆ ಹೆಸರಿಗೆ ಹದಿನಾಲ್ಕು ತಿಂಗಳಲ್ಲಿ ಅವನು ಐದು ಪತ್ರ ಬರೆದಿದ್ದ, ಎಲ್ಲವೂ ವಕೀಲರ ವಿಳಾಸಕ್ಕೆ. ಎತ್ತರದ ಚಪ್ಪಲಿ, ಚಿನ್ನದ ಕಟ್ಟಿನ ಕನ್ನಡಕ ಹಾಕಿದ ಯಾರೋ ಒಬ್ಬಳನ್ನು ಊಹಿಸಿಕೊಂಡಿದ್ದ. ನಮ್ಮಲ್ಲಿ ಮೊದಲ ಮಗು ಹುಟ್ಟಿದ ದಿನ ತಾಯಿಯ ಹೆಸರು ಗುರುತಿನ ಚೀಟಿಯೊಳಗೆ ಹೋಗಿ ಮಲಗಿಬಿಡುತ್ತದೆ; ಜವಾದಿ ಹುಟ್ಟಿದರೆ ಊರಿಗೆಲ್ಲ ಅವಳು ಬರೀ ಜವಾದಿಯ ಅಮ್ಮ. ಆಮೇಲೆ ಅದನ್ನು ಎಬ್ಬಿಸುವವರು ಬ್ಯಾಂಕಿನವರು ಮತ್ತು ಪೊಲೀಸರು ಮಾತ್ರ. ಮಕೋಖಾನಿಗೆ ತನ್ನ ಬಾಡಿಗೆ ಮನೆಯ ಒಡತಿಯ ಹೆಸರೂ ಗೊತ್ತಿರಲಿಲ್ಲ.

“ಅಮ್ಮ, ಈ ಅರ್ಜಿ ಹಾಕಿದ್ದು ನೀವೇ.”

“ನಾನಾ? ನನ್ ಅರ್ಜಿ ಚಪಾತಿ ದಾರೀದು. ಊಟಕ್ಕೆ ಬರೋ ವಕೀಲರು ಬರ್ದ್ರು. ಓದಿ ಹೇಳಿದ್ರು, ನಂಗೊಂದು ಸಾಲೂ ತಲೆಗೆ ಹೋಗ್ಲಿಲ್ಲ. ಪೇಟೆಂಟ್ ಬರೋವರ್ಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಿ ಅಂದ್ರು, ಬಿಡ್ಲಿಲ್ಲ.”

ಅರ್ಜಿಗೆ ಮುಂಚೆಯೇ ನಾಲ್ಕು ವರ್ಷ ಊರಿಗೆಲ್ಲ ತೋರಿಸಿದ ಮೇಲೆ ಬಾಯಿ ಮುಚ್ಚಿ ಏನು ಬಂತು ಎಂದು ಮಕೋಖಾ ಕಷ್ಟಪಟ್ಟು ವಿವರಿಸಿದ. ತಾನೇ ತೋರಿಸಿದ್ದಕ್ಕೆ ಕಾನೂನು ಒಂದು ವರ್ಷದ ವಿನಾಯಿತಿ ಕೊಡುತ್ತದೆ, ನಾಲ್ಕು ವರ್ಷಕ್ಕೆ ಕೊಡುವುದಿಲ್ಲ. ಆಕೆಯ ಅರ್ಜಿಯನ್ನು ಕೊಲ್ಲುವ ಕಾಗದಕ್ಕೆ ಆಕೆಯೇ ಸಹಿ ಹಾಕಿದ್ದಳು. ಹೇಳುವಾಗ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಹನ್ನೊಂದು ವರ್ಷದ ವ್ರತವನ್ನು ಚಪಾತಿಗಾಗಿ ಮುರಿಯುವ ಮನುಷ್ಯ ಅವನಲ್ಲ. ಕಾಗದವನ್ನು ಮಡಚಿ ಎದೆಯ ಜೇಬಿಗಿಟ್ಟುಕೊಂಡ.

ಜವಾದಿಯಮ್ಮ ಅಳಲಿಲ್ಲ, ಬೈಯಲಿಲ್ಲ. ಎದ್ದು ಕಾವಲಿ ಒರೆಸಿದಳು. “ನಿನ್ ಕೆಲಸ ನೀನು ಮಾಡು ಮಗಾ. ನನ್ ಕೆಲಸ ನಾನು ಮಾಡ್ತೀನಿ” ಎಂದಳು.

ಗಂಟೆ ನಾಲ್ಕಾಗಿತ್ತು. ಬಂದ ದಾರಿಯನ್ನು ಗಿರಣಿಯ ಬಳಿ ಆಗ ಮುಚ್ಚಿ ನೀರಿನ ಪೈಪಿಗೆ ಗುಂಡಿ ತೋಡುತ್ತಿದ್ದರು. ಮಕೋಖಾ ಬೈಕು ಕೇಳಿದ. ಒಬ್ಬನ ಪೆಟ್ರೋಲು ಮುಗಿದಿತ್ತು, ಇನ್ನೊಬ್ಬನಿಗೆ ಸೊಂಟ ಹಿಡಿದಿತ್ತು, ಮೂರನೆಯವನು ಬೈಕು ತನ್ನದೇ ಅಲ್ಲ ಎಂದುಬಿಟ್ಟ. ಜವಾದಿಯಮ್ಮ ಅವರನ್ನೆಲ್ಲ ಚೆನ್ನಾಗಿ ಬೈದಳು. ಈ ಸೋಮಾರಿಗಳನ್ನು ನಂಬಬೇಡ, ಒಳದಾರಿಯಲ್ಲಿ ನಡೆದರೆ ಇಪ್ಪತ್ತು ನಿಮಿಷಕ್ಕೆ ದೊಡ್ಡ ರಸ್ತೆ ಸಿಗುತ್ತದೆ, ತಾನು ದಾರಿ ಕಳಿಸುತ್ತೇನೆ ಎಂದಳು. ಎಷ್ಟು ದೊಡ್ಡ ಮನಸ್ಸು ಎಂದು ಮಕೋಖಾನ ಕಣ್ಣು ಒದ್ದೆಯಾಯಿತು.

ಮೊದಲ ತುಂಡು ಬಂತು. ಹೊಲಿಗೆ ಅಂಗಡಿ. ತಲುಪಿದೆ. ನೀರಿನ ಟ್ಯಾಂಕು. ತಲುಪಿದೆ. ಹಸಿರು ಚರ್ಚು, ಇದ್ದಿಲು ಮಂಡಿ, ಶಾಲೆಯ ಹಿಂಗೋಡೆ. ಒಂದು ಕೈ ಜೇಬಿನ ಮೇಲೆ, ಇನ್ನೊಂದರಲ್ಲಿ ಫೋನು, ಮಕೋಖಾ ಓಡುನಡಿಗೆಯಲ್ಲಿ ಸಾಗಿದ. ಒಬ್ಬ ಮುದುಕ ಅಡ್ಡ ಬಂದು ದೊಡ್ಡ ರಸ್ತೆ ಆ ಕಡೆಯಲ್ಲವೇ ಎಂದ. ಆರು ವರ್ಷದ ಅನುಭವದ ಮುಂದೆ ಇವನ ಮಾತೇನು ಎಂದು ಮಕೋಖಾ ಅವನನ್ನು ಬದಿಗೆ ಸರಿಸಿ ಮುಂದೆ ಹೋದ. ಹತ್ತನೇ ತುಂಡು, ಹನ್ನೆರಡನೇ ತುಂಡು. ನೀಲಿ ಗೇಟೊಂದು ಬಂದಾಗ, ಈ ಊರಿನಲ್ಲಿ ಎಷ್ಟು ನೀಲಿ ಗೇಟುಗಳು ಎಂದುಕೊಂಡ. ಕ್ಷೌರದಂಗಡಿ ಬಂದಾಗ ಅವನ ಕಾಲು ನಿಧಾನವಾಯಿತು. ತಿರುಗಿದರೆ ತಗಡಿನ ಅಂಗಡಿ, ಕಾವಲಿ, ಕಾವಲಿಯ ಹಿಂದೆ ಜವಾದಿಯಮ್ಮ. ಸೊಂಟ ಹಿಡಿದಿದ್ದವನು ಬೈಕೇರಿ ಜುಮ್ಮೆಂದು ಹೊರಟಿದ್ದ.

ಐದು ಗಂಟೆ ಏಳು ನಿಮಿಷ. ಫೋನಿನಲ್ಲಿ ಮೇಡಂ ಸಂದೇಶವಿತ್ತು. ಕಾಗದ ಬರಲಿಲ್ಲ, ಪೇಟೆಂಟಿಗೆ ಸಹಿ ಹಾಕಿದ್ದೇನೆ, ಕಿಪ್ಲಗಟ್ ಹಳದಿ ಪರದೆ ಕೇಳುತ್ತಿದ್ದಾನೆ ಎಂದು ಬರೆದಿದ್ದರು.

ಅವನು ಅದನ್ನು ಓದುತ್ತಿರುವಾಗಲೇ ಕೊನೆಯ ತುಂಡು ಬಂತು. ಕಾವಲಿಯ ಚಿತ್ರ, ಪಕ್ಕದಲ್ಲಿ ಒಂದು ಬೆಂಚು, ಬೆಂಚಿನ ಮೇಲೆ ಒಂದು ಗುರುತು. ಕೆಳಗೆ ‘ತಲುಪಿದ್ಯಾ?’ ಎಂದು ಬರೆದಿತ್ತು. ಮೂರು ಮಾರು ದೂರದಲ್ಲಿ ಜವಾದಿಯಮ್ಮ ಫೋನು ಹಿಡಿದು ಅವನ ಉತ್ತರಕ್ಕೆ ಕಾಯುತ್ತಿದ್ದಳು.

ಮಕೋಖಾ ಬೆಂಚಿನ ಮೇಲೆ ಕೂತು, ‘ತಲುಪಿದೆ’ ಎಂದು ಒತ್ತಿದ. ಆಮೇಲೆ ಅವನಿಗೆ ಚಪಾತಿ ಬಂತು.