ಷಣ್ಮುಖಪ್ಪನ ಸ್ವಂತ ಬುದ್ಧಿ

ಪಿರಿಯಾಪಟ್ಟಣದ ಸೀಮೆಯಲ್ಲೇ ಸ್ವಂತ ಬುದ್ಧಿಯಿಂದ ಬದುಕುತ್ತಿರುವ ಮನುಷ್ಯ ತಾನೊಬ್ಬನೇ ಎಂದು ಷಣ್ಮುಖಪ್ಪ ನಂಬಿದ್ದ. ಉಳಿದವರೆಲ್ಲ ಹಣೆಬರಹ, ಗ್ರಹಚಾರ, ಮಾದಪ್ಪನ ಇಚ್ಛೆ ಅಂತ ಕುರಿಗಳ ಹಾಗೆ ತಲೆ ತಗ್ಗಿಸಿಕೊಂಡು ಹೋಗುವವರು. ಇಂಥ ಮಹಾಪುರುಷನಿಗೆ ಗಂಟು ಬಿದ್ದ ಹೆಂಡತಿಯೋ, ಚುಂಚನಕಟ್ಟೆಯ ಸುಕನ್ಯ. ದೇವರ ಹತ್ತಿರ ಹೂ ಕೇಳದೆ ಬದನೆ ಸಸಿಯನ್ನೂ ನೆಡುವವಳಲ್ಲ. (ಗುಡಿಯಲ್ಲಿ ದೇವರ ಎಡಕ್ಕೂ ಬಲಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಸೈ, ಎಡಗಡೆಯದು ಬಿದ್ದರೆ ಬೇಡ. ಇಷ್ಟೇ ಶಾಸ್ತ್ರ.)

ಈಗ ಜಗಳ ಹತ್ತಿದ್ದು ಒಂದು ಹಸುವಿನ ಮೇಲೆ. ಮಂಚಯ್ಯನ ಮನೆಯ ಕಪ್ಪುಬಿಳಿ ಸೀಮೆಹಸುವನ್ನು ನೋಡಿ ಬಂದಾಗಿನಿಂದ ಷಣ್ಮುಖಪ್ಪನಿಗೆ ಊಟ ಸೇರುತ್ತಿರಲಿಲ್ಲ. ಹೊತ್ತಿಗೆ ಹತ್ತು ಲೀಟರು, ಸ್ವಾಮಿ! ಸಂಜೆಯೊಳಗೆ ಹೂಂ ಅನ್ನದಿದ್ದರೆ ಎನ್. ಬೇಗೂರಿನವರು ಹೊಡೆದುಕೊಂಡು ಹೋಗುತ್ತಾರೆಂದು ಮಂಚಯ್ಯ ಬೆಳಿಗ್ಗೆಯೇ ಫೋನ್ ಮಾಡಿದ್ದ.

"ಹೂ ಕೇಳ್ದೆ ಹಸ ತಂದ್ರೆ ಅದ್ರ ಕೆಚ್ಚಲು ನಾನ್ ಮುಟ್ಟಾಕಿಲ್ಲ. ನೀವೇ ಕರ್ಕಳಿ," ಎಂದಳು ಸುಕನ್ಯ.

ಷಣ್ಮುಖಪ್ಪನಿಗೆ ಹಾಲು ಕುಡಿಯಲು ಬರುತ್ತಿತ್ತೇ ಹೊರತು ಕರೆಯಲು ಬರುತ್ತಿರಲಿಲ್ಲ.

"ನಿಮ್ಮವ್ವ ಅಂಗೆ ಬೆಳೆಸವ್ಳೆ, ನೀನು ಇಂಗಿದ್ದೀಯ. ನಾನು ಯಾರ ಅಚ್ಚೂ ಅಲ್ಲ ಕಣೇ. ನನ್ ಬುದ್ಧಿ ನಂದು!" ಎಂದು ಅವನು ಎಡಗೈಯಲ್ಲಿ ಪಂಚೆ ಎತ್ತಿಹಿಡಿದು, ಬಲಗೈಯ ತೋರುಬೆರಳನ್ನು ಆಕಾಶಕ್ಕೆ ಏರಿಸಿದ.

ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ಸುನಂದಮ್ಮ ಕಿಸಕ್ಕನೆ ನಕ್ಕರು. "ನಿಮ್ಮಪ್ಪನೂ ಇಂಗೇ ಪಂಚೆ ಎತ್ಕಂಡು, ಬೆರಳೆತ್ಕಂಡು, ಇದೇ ಮಾತ ಹೇಳೋರು ಕಣ್ಲಾ. ಒಂದಕ್ಸರ ಆಚೀಚೆ ಇಲ್ಲ. ಅವ್ರಪ್ಪನೂ ಅಂಗೇ ಅಂತೆ." (ದಿವಂಗತ ಮಹದೇವಪ್ಪನವರು ಗೋಡೆಯ ಫೋಟೋದಲ್ಲೂ ಬೆರಳೆತ್ತಿಕೊಂಡೇ ಇದ್ದರು.)

"ಅಂಗಾರೆ ಸ್ವಂತ ಬುದ್ಧಿ ಅನ್ನೋದೂ ಪಿತ್ರಾರ್ಜಿತವೇ ಅನ್ನಿ!" ಸುಕನ್ಯ ಚಪ್ಪಾಳೆ ತಟ್ಟಿದಳು. "ನಂದು ತವರಿಂದ ಬಂದದ್ದು ಅಂತ ನಾನು ಒಪ್ಕತೀನಪ್ಪ. ಈಗ ಒಂದು ಪಂಥ. ಸಂಜೆಯೊಳಗೆ ನಿಮ್ಮಪ್ಪ ಮಾಡ್ದೇ ಇರೋದು ಒಂದೇ ಒಂದು ಮಾಡಿ ತೋರ್ಸಿ, ಹೂ ಕೇಳ್ದೇನೇ ಹಾಲು ಕರೀತೀನಿ. ತೀರ್ಪು ಅತ್ತೇದು."

ಷಣ್ಮುಖಪ್ಪ ನೆಟ್ಟಗೆ ಹೋಗಿ ಮೀಸೆ ಬೋಳಿಸಿಕೊಂಡು ಬಂದ.

"ನನ್ ಲಗ್ನದ ವರ್ಸ ನಿಮ್ಮಪ್ಪನೂ ಬೋಳ್ಸಿದ್ರು," ಎಂದರು ಸುನಂದಮ್ಮ. "ಗುರುತು ಸಿಗ್ದೆ ಎಮ್ಮೆ ಒದ್ದಿತ್ತು."

ಬೀದಿಯವರೆಲ್ಲ ನೋಡುತ್ತಿದ್ದಂತೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ರಂಗೋಲಿ ಬಿಟ್ಟ.

"ನಿನ್ ಬಾಣಂತನದಾಗೆ ನಿಮ್ಮಪ್ಪನೇ ಬುಡ್ತಿದ್ರು. ಅದೂ ಇಷ್ಟೇ ಸೊಟ್ಟ."

ಮಧ್ಯಾಹ್ನ ಊಟಕ್ಕೆ ಕೂತಾಗ ಕೊನೆಯ ಬ್ರಹ್ಮಾಸ್ತ್ರ ಬಿಟ್ಟ. ರಾಗಿಮುದ್ದೆಯನ್ನು ನುಂಗದೆ ಅಗಿದ! ನಮ್ಮ ಕಡೆ ಮುದ್ದೆ ಅಗಿಯುವವನಿಗೆ ಹೆಣ್ಣು ಕೊಡುವುದಿಲ್ಲ. ಸುಕನ್ಯ ನಾಚಿಕೆಯಿಂದ ಬಾಗಿಲು ಹಾಕಿದಳು. ದವಡೆಗೆಲ್ಲ ಮೆತ್ತಿಕೊಂಡ ಮುದ್ದೆಯ ಜೊತೆ ಹೋರಾಡುತ್ತಾ ಷಣ್ಮುಖಪ್ಪ ಆಸೆಯಿಂದ ತಾಯಿಯ ಮುಖ ನೋಡಿದ.

"ಹಲ್ಲು ಕಟ್ಟಿಸ್ಕಂಡ ದಿನ ನಿಮ್ಮಪ್ಪನೂ ಅಗ್ದಿದ್ರು ಕಣ್ ಮಗ. ಹಲ್ಲು ಮುದ್ದೇಲೇ ಉಳ್ಕಂತು."

ನಾಲ್ಕು ಗಂಟೆಗೆ ಮಂಚಯ್ಯನ ಫೋನು. ಬೇಗೂರಿನವರ ಗಾಡಿ ಹೊರಟಿದೆಯಂತೆ. ಷಣ್ಮುಖಪ್ಪನಿಗೆ ಅಳುವೇ ಬಂತು. "ಅವ್ವಾ, ಆ ಮನುಷ್ಯ ಜನ್ಮದಾಗೆ ಮಾಡ್ದೇ ಇದ್ದದ್ದು ಏನಾರ ಅದಾ ಇಲ್ವಾ?"

ಸುನಂದಮ್ಮ ಯೋಚಿಸಿದರು. "ದೇವ್ರ ತಾವ ಹೂ ಒಂದ ಕೇಳ್ನಿಲ್ಲ."

ಷಣ್ಮುಖಪ್ಪ ಮಾದಪ್ಪನ ಗುಡಿಗೆ ಓಡಿದ ಓಟ ನೋಡಬೇಕಿತ್ತು. ಹೂ ಅಂಟಿಸಿದ್ದಾಯಿತು. "ಮಾದಪ್ಪಾ, ಹಸ ತರ್ಲಾ?" ಎಂದು ಕಣ್ಣು ಮುಚ್ಚುವಷ್ಟರಲ್ಲೇ ಎಡಗಡೆಯ ಹೂ ತೊಪ್ಪನೆ ಬಿತ್ತು.

"ಹೂ ಕೇಳ್ಕಂಡು ಬಂದ್ಯಾ? ಗೆದ್ದೆ ಕಣ್ಲಾ!" ಎಂದು ಸುನಂದಮ್ಮ ತೀರ್ಪು ಕೊಟ್ಟರು.

ಸುಕನ್ಯ ಮಾತಿಗೆ ತಪ್ಪುವವಳಲ್ಲ. ಹಾಲಿನ ಚೊಂಬು ಬೆಳಗಿ ತಂದಳು. "ಕರೀತೀನಿ, ಸರಿ. ಹೂ ಎತ್ಲಾಗೆ ಬಿತ್ತು?"

"ಎಡಕ್ಕೆ. ಆದ್ರೆ ನಾನದ ನಂಬಾಕಿಲ್ಲ!"

"ನಂಬ್ದಿದ್ರೆ ನಿಮ್ಮಪ್ಪನ ಬುದ್ಧಿ. ನಂಬಿದ್ರೆ ನಮ್ಮವ್ವನ ಬುದ್ಧಿ. ಎರಡೂ ಬುಟ್ಟು ನಿಮ್ ಸ್ವಂತ ಬುದ್ಧಿ ಏನಂತದೆ ಹೇಳಿ, ಅಂಗೇ ಮಾಡನ."

ಮತ್ತೆ ಫೋನು ಬಡಿದುಕೊಳ್ಳತೊಡಗಿತು. ಷಣ್ಮುಖಪ್ಪ ಫೋನು ನೋಡಿದ, ಚೊಂಬು ನೋಡಿದ, ಹೆಂಡತಿಯನ್ನು ನೋಡಿದ. ಬೆವರು ಒರೆಸಿಕೊಂಡ. ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಹಸು ಬೇಗೂರಿನ ದಾರಿ ಹಿಡಿಯಿತು. ಅವನು ಮೆಲ್ಲಗೆ ಹೋಗಿ ತಾಯಿಯ ಪಕ್ಕ ಕುಕ್ಕರಿಸಿದ.

"ಅವ್ವಾ, ನೀನೇ ಹೇಳವ್ವ. ನಾನೇನ್ ಮಾಡ್ಬೇಕಿತ್ತು?"

ಸುನಂದಮ್ಮ ಮಗನ ತಲೆ ಸವರಿದರು.

"ನಿಮ್ಮಪ್ಪ ಸಾಯೋಗಂಟ ಯಾರನ್ನೂ ಇಂಗೆ ಕೇಳ್ದೋರಲ್ಲ ಕಣ್ ಮಗ. ಇದೊಂದು ಮಾತ್ರ ನಿನ್ ಸ್ವಂತದ್ದೇ."