ಎತ್ತಿಡ್ರಿ ಅಕ್ಕಾ, ಬರೋ ವಾರ ಒಯ್ತೀನಿ

ನಮ್ಮ ರಾಯದುರ್ಗದ ಹೆಂಗಸರು ಅಂಗಡಿಯವರ ಮುಖ ನೋಡಿ "ಬೇಡ" ಎಂದು ಹೇಳುವುದಿಲ್ಲ. ಅದು ನಮ್ಮ ಮರ್ಯಾದೆ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಚ್ಚಿಸಿ, ಗಾದಿಯ ಮೇಲೆ ರಾಶಿ ಹಾಕಿಸಿ, ಅವರು ತರಿಸಿಕೊಟ್ಟ ಟೀ ಕುಡಿದು, ಕೊನೆಗೆ ಯಾವುದೋ ಒಂದರ ಸೆರಗು ಸವರಿ "ಇದನ್ನ ಎತ್ತಿಡ್ರಿ, ಬರೋ ವಾರ ಒಯ್ತೀವಿ" ಎಂದು ಎದ್ದು ಬರುತ್ತೇವೆ. ಅಂಗಡಿಯವನೂ "ಆಗ್ಲಿ ತಾಯಿ" ಎನ್ನುತ್ತಾನೆ, ನಾವು ಮೆಟ್ಟಿಲು ಇಳಿಯುವುದರೊಳಗೆ ಅದೇ ಸೀರೆಯನ್ನು ಇನ್ನೊಬ್ಬರ ಮುಂದೆ ಹಾಸಿರುತ್ತಾನೆ. ಆ ಬರೋ ವಾರ ಎಂದೂ ಬರುವುದಿಲ್ಲ ಎಂಬುದು ಅವನಿಗೂ ಗೊತ್ತು, ನಮಗೂ ಗೊತ್ತು. ಇಬ್ಬರ ಮಾನವೂ ಉಳಿಯುತ್ತದೆ. ಹುಟ್ಟಿದಾಗಿನಿಂದ ಈ ಊರಿನ ನೀರು ಕುಡಿದವಳು ನಾನು, ನನ್ನ ಹೆಸರಿನಲ್ಲಿ ಎತ್ತಿಡಿಸಿದ ಸೀರೆಗಳನ್ನೆಲ್ಲ ಸೇರಿಸಿದರೆ ಒಂದು ಮದುವೆ ಮಾಡಬಹುದು. ಅಂಥ ನಾನೇ ನನ್ನ ಸ್ವಂತ ಬ್ಯೂಟಿ ಪಾರ್ಲರಿನಲ್ಲಿ ಈ ಮಾತನ್ನು ನಿಜವೆಂದು ನಂಬಿಬಿಟ್ಟೆ. ಆಸೆ ಮನುಷ್ಯರನ್ನು ಎಷ್ಟು ಪೆದ್ದರನ್ನಾಗಿ ಮಾಡುತ್ತದೆ ನೋಡಿ.

ನನ್ನ ಪಾರ್ಲರ್ ದೊಡ್ಡದೇನಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆ, ಅಷ್ಟೇ. ಒಂದು ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಮತ್ತು ಹಿಂದಕ್ಕೆ ಒರಗಿದರೆ ಕಿರ್ ಎಂದು ಕೂಗುವ ಒಂದು ಹಳೆಯ ಕುರ್ಚಿ. ಜೀನ್ಸ್ ಹೊಲಿಯುವ ಹೆಣ್ಣುಮಕ್ಕಳು ರಜೆಯ ದಿನ ಬೆರಳ ತುದಿಯಲ್ಲಿ ಬಟ್ಟೆಯ ನೀಲಿ ಹೊತ್ತುಕೊಂಡೇ ಬಂದು ಐಬ್ರೋ ಮಾಡಿಸಿಕೊಳ್ಳುತ್ತಾರೆ. ಹಿಟ್ಟಿನ ಗಿರಣಿ ನಡೆಸುವ ಗಂಗಕ್ಕ ಬರುತ್ತಾಳೆ. ಕಣೇಕಲ್ಲಿನ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಶಾರದಾ ಮೇಡಂ ಬರುತ್ತಾರೆ. ಈ ಮೇಡಂ ನನ್ನ ಮೊಟ್ಟಮೊದಲ ಗಿರಾಕಿ. ಅವರು ಐಬ್ರೋಗೆ ಮುಂಬಾಗಿಲಿನಿಂದ ಬರುತ್ತಾರೆ, ತಿಂಗಳಿಗೊಂದು ಭಾನುವಾರ ತಲೆಗೆ ಡೈ ಹಚ್ಚಿಸಿಕೊಳ್ಳಲು ಮಾತ್ರ ಹಿತ್ತಲ ಬಾಗಿಲಿನಿಂದ ಬರುತ್ತಾರೆ. ಅಡಿಗೆಮನೆಯಲ್ಲಿ ಸ್ಟೂಲ್ ಹಾಕಿ ಕೂರಿಸಿ ಹಚ್ಚುತ್ತೇನೆ. ಅವರ ಕಪ್ಪು ಜಡೆಯ ಗುಟ್ಟು ಇಡೀ ಊರಿನಲ್ಲಿ ಗೊತ್ತಿದ್ದದ್ದು ನನಗೆ ಮತ್ತು ನಮ್ಮ ಅಡಿಗೆಮನೆಗೆ. ಪಾರ್ಲರ್ ನಡೆಯುವುದು ಕೈಯ ಕೆಲಸದಿಂದ ಎಂದು ಜನ ತಿಳಿದಿದ್ದಾರೆ. ಅಲ್ಲ, ಬಾಯಿ ಮುಚ್ಚಿಕೊಂಡಿರುವುದರಿಂದ.

ಹೀಗೆ ಸುಖವಾಗಿದ್ದಾಗ ಬಳ್ಳಾರಿ ರಸ್ತೆಯಲ್ಲಿ ಒಂದು ಹೊಸ ಪಾರ್ಲರ್ ಬಂತು. ಎ.ಸಿ., ಗಾಜಿನ ಬಾಗಿಲು. ನನಗೆ ಹೊಟ್ಟೆ ಉರಿಯಲು ಶುರುವಾಯಿತು. ಸರಿಯಾಗಿ ಅದೇ ಹೊತ್ತಿಗೆ ಒಂದು ಕ್ರೀಮಿನ ಕಂಪನಿಯ ಪ್ರಸಾದ್ ಎಂಬಾತ ಟೈ ಕಟ್ಟಿಕೊಂಡು ಅನಂತಪುರದಿಂದ ಬಂದ. "ಅಕ್ಕಾ, ಐಬ್ರೋ ಮಾಡಿ ಯಾರೂ ಉದ್ಧಾರ ಆಗಿಲ್ಲ. ಪ್ರಾಡಕ್ಟ್ ಮಾರಬೇಕು. ಒಳಗೆ ಲೈಟ್ ಇರೋ ಗಾಜಿನ ಶೆಲ್ಫ್ ನಾವೇ ಕೊಡ್ತೀವಿ. ಯುಗಾದಿ ಒಳಗೆ ಸ್ಟಾಕ್ ಖಾಲಿ ಮಾಡಿದ್ರೆ ಹೊಸ ಫೇಶಿಯಲ್ ಚೇರ್ ಫ್ರೀ. ಆಗಲಿಲ್ಲ ಅಂದ್ರೆ ಶೆಲ್ಫ್ ಬಳ್ಳಾರಿ ರೋಡಿನ ಅವರಿಗೆ ಹೋಗುತ್ತೆ, ಅಷ್ಟೇ" ಎಂದ. ಕುರ್ಚಿಯ ಆಸೆಗಿಂತ ಹೆಚ್ಚಾಗಿ, ಆ ಶೆಲ್ಫ್ ಹೊಸ ಪಾರ್ಲರಿನವಳ ಎ.ಸಿ.ಯಲ್ಲಿ ತಣ್ಣಗೆ ಕೂತಿರುವುದನ್ನು ನೆನೆಸಿಕೊಂಡೇ ನಾನು ಸಹಿ ಹಾಕಿದೆ.

ಮಾರುವುದು ಹೇಗೆಂದು ಕಲಿಸಲು ಅನಂತಪುರದ ಒಂದು ಫಂಕ್ಷನ್ ಹಾಲಿನಲ್ಲಿ ನಮಗೆಲ್ಲ ಟ್ರೈನಿಂಗ್ ಕೊಟ್ಟರು. ಮೊದಲನೆಯ ಪಾಠ: ಗಿರಾಕಿಯ ಮುಖದಲ್ಲಿ ಒಂದು ಕೊರತೆ ತೋರಿಸಬೇಕು, ಆಮೇಲೆ ಡಬ್ಬಿ ತೋರಿಸಬೇಕು. ಎರಡನೆಯದು: ಕುರ್ಚಿಯಲ್ಲಿ ಕೂತ ಗಿರಾಕಿ ಎದ್ದು ಓಡಲಾರಳು, ಆದ್ದರಿಂದ ಕೆಲಸ ಮಾಡುತ್ತಲೇ ಮಾತಾಡಬೇಕು. ಇದನ್ನು ಹೇಳಿದ ಮಹಾಶಯ ಜನ್ಮದಲ್ಲಿ ಒಂದು ಹುಬ್ಬನ್ನೂ ತಿದ್ದಿದವನಲ್ಲ. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಐಬ್ರೋ ಮಾಡುವವಳು ಕ್ರೀಮಿನ ಗುಣಗಾನ ಮಾಡುವುದು ಹೇಗೆ? ಆದರೂ ಮಾಡಿದೆ. ಜೀನ್ಸ್ ಹೊಲಿಯುವ ರೇಣುಕಾಗೆ "ನಿನ್ನ ಮೂಗಿನ ಮೇಲೆ ಭಾಳ ರಂಧ್ರ ಅದಾವ ನೋಡು" ಎಂದು ಹೇಳಲು ಬಾಯಿ ತೆಗೆದೆ, ದಾರ ಜಾರಿತು, ಅವಳ ಎಡ ಹುಬ್ಬಿನ ತುದಿ ಹೋಯಿತು. ಅವಳು ಕನ್ನಡಿ ನೋಡಿಕೊಂಡು, "ಮೂಗಿಗೆ ರಂಧ್ರ ಇಲ್ಲಂದ್ರ ಉಸಿರು ಹೆಂಗ ಆಡ್ಲಿ ಅಕ್ಕಾ? ಹುಬ್ಬು ಎಲ್ಲಿ ಹೋತು, ಅದನ್ನ ಹೇಳ್ರಿ ಮೊದ್ಲು" ಎಂದಳು.

ಆದರೆ ಪಾಠ ಪೂರ್ತಿ ವ್ಯರ್ಥವಾಗಲಿಲ್ಲ. ಹದಿನೈದು ದಿನಗಳಲ್ಲಿ ನಾನು ಊರಿನ ಹೆಂಗಸರ ಮುಖಗಳಲ್ಲಿ ದೇವರೂ ಗಮನಿಸದ ದೋಷಗಳನ್ನು ಕಂಡುಹಿಡಿದೆ. ಒಬ್ಬಳಿಗೆ ಬಂಗು, ಇನ್ನೊಬ್ಬಳಿಗೆ ಕಣ್ಣಿನ ಕೆಳಗೆ ಕಪ್ಪು, ಗಂಗಕ್ಕನಿಗೆ ಸುಕ್ಕು. ನಗುನಗುತ್ತಾ ಬಂದವರು ಕೆನ್ನೆ ಮುಟ್ಟಿ ನೋಡಿಕೊಳ್ಳುತ್ತಾ ಹೋಗುತ್ತಿದ್ದರು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ. ಏಕೆಂದರೆ ಪ್ರತಿಯೊಬ್ಬಳೂ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿ ನೋಡಿ, ವಾಪಸು ಕೊಟ್ಟು, "ಎತ್ತಿಡ್ರಿ ಅಕ್ಕಾ, ಬರೋ ವಾರ ಒಯ್ತೀನಿ" ಎನ್ನುತ್ತಿದ್ದಳು. ನನ್ನ ಕಿವಿಗೆ ಅದು ಮಾರಾಟವಾದ ಹಾಗೆಯೇ ಕೇಳಿಸುತ್ತಿತ್ತು. ಶಾರದಾ ಮೇಡಂ ಕೂಡ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತು, ಹೊಸ ಡೈ ಪೆಟ್ಟಿಗೆಯನ್ನು ನೋಡಿ, "ಇರ್ಲಿ, ಎತ್ತಿಡ್ರಿ ನೋಡೋಣ" ಎಂದಿದ್ದರು.

ನಾನು ಎತ್ತಿಟ್ಟೆ. ಯಾರದು ಯಾವುದು ಎಂದು ಮರೆಯಬಾರದಲ್ಲ? ಒಂದೊಂದು ಡಬ್ಬಿಗೂ ಚೀಟಿ ಅಂಟಿಸಿ ಹೆಸರು ಬರೆದೆ. ಓದಿದ್ದು ಕನ್ನಡ ಶಾಲೆಯಲ್ಲಾದರೂ ತೆಲುಗು ಅಕ್ಷರ ದುಂಡಗೆ ಬರೆಯುತ್ತೇನೆ ಎಂಬ ಜಂಬ ನನಗೆ. ಹಾಗಾಗಿ ಎರಡರಲ್ಲೂ ಬರೆದೆ. ಆಂಧ್ರದ ಗಡಿಯಲ್ಲಿರುವ, ಯಾವುದರಲ್ಲಿ ಬರೆದರೂ ಓದಿಬಿಡುವ ಊರು ಇದು. ಸಾಲದ್ದಕ್ಕೆ ಗೊಂದಲವಾಗಬಾರದೆಂದು ವಿವರ ಬೇರೆ. ಊರಿನಲ್ಲಿ ಐದಾರು ಶಾರದೆಯರಿದ್ದಾರೆ, ಬರೀ ಶಾರದಾ ಎಂದರೆ ಯಾರೆಂದು ತಿಳಿಯಬೇಕು? ಡೈ ಪೆಟ್ಟಿಗೆಯ ಮೇಲೆ "ಶಾರದಾ ಮೇಡಂ, ಹೈಸ್ಕೂಲು" ಎಂದು ಬರೆದೆ. ಕರೆಂಟ್ ಆಫೀಸಿನಿಂದ ಬಂದ ನಮ್ಮ ಮನೆಯವರು ಲೈಟಿನಲ್ಲಿ ಝಗಝಗಿಸುತ್ತಿದ್ದ ಶೆಲ್ಫ್ ನೋಡಿ, "ಇದೇನ ಇದು, ಓಟರ್ ಲಿಸ್ಟ್ ಹಚ್ಚೀಯಲ್ಲ?" ಎಂದರು. ವ್ಯಾಪಾರ ಅವರಿಗೇನು ಗೊತ್ತು ಎಂದು ಇನ್ನೊಂದು ಚೀಟಿ ಅಂಟಿಸಿದೆ.

ಯುಗಾದಿಗೆ ಮುಂಚಿನ ಭಾನುವಾರ. ಮದುವೆಗಳ ಕಾಲವೂ ಹೌದು, ಬೆಂಚು ತುಂಬಿ ಬಾಗಿಲವರೆಗೂ ಹೆಂಗಸರು ನಿಂತಿದ್ದರು. ನಾನು ರೇಣುಕಾಳನ್ನು ಕುರ್ಚಿಯಲ್ಲಿ ಕೂರಿಸಿ, ಹಲ್ಲಿನಲ್ಲಿ ದಾರ ಕಚ್ಚಿ, ಈ ಸಲವಾದರೂ ಎರಡೂ ಹುಬ್ಬು ಉಳಿಸಬೇಕೆಂದು ಮೈಯೆಲ್ಲ ಕಣ್ಣಾಗಿ ಕೆಲಸ ಮಾಡುತ್ತಿದ್ದೆ. ಕಾದು ಬೇಸರವಾದ ಗಂಗಕ್ಕ ಎದ್ದು ಶೆಲ್ಫಿನ ಮುಂದೆ ನಿಂತಳು. ದಿನವಿಡೀ ಗಿರಣಿಯ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದ ಗಂಟಲು ಅವಳದು. ರೇಷನ್ ಅಂಗಡಿಯಲ್ಲಿ ಹೆಸರು ಕೂಗುವ ಹಾಗೆ ಓದತೊಡಗಿದಳು. "ನಾಗವೇಣಿ, ಟೈಲರ್ ಅಂಗಡಿ... ಇದೇನಪಾ, ಮೇಲ್ತುಟಿ ಕೂದ್ಲ ತೆಗಿಯೋ ಕ್ರೀಮು. ಯಾಕ ನಾಗವೇಣಿ, ನಿನಗ ಮೀಸಿ ಬಂದಾವೇನ?" ಬೆಂಚಿನ ಮೇಲೆ ಕೂತಿದ್ದ ನಾಗವೇಣಿ ಸೆರಗು ಬಾಯಿಗೆ ಅಡ್ಡ ಹಿಡಿದಳು. "ಹೊಟ್ಟಿನ ಶಾಂಪೂ, ಪೋಸ್ಟ್ ಆಫೀಸ್ ಲಲಿತಾ..." ನಾನು ದಾರ ಉಗಿದು "ಗಂಗಕ್ಕಾ!" ಎಂದು ಕೂಗುವುದರೊಳಗೆ ಅವಳು ಮೂರನೆಯದಕ್ಕೆ ಬಂದಿದ್ದಳು. "ಸುಕ್ಕಿನ ಕ್ರೀಮು. ಗಂಗಮ್ಮ, ಹಿಟ್ಟಿನ ಗಿರ..." ಎಂದವಳು ಅಲ್ಲಿಗೆ ನಿಂತಳು.

ಹಾಗೆ ನಿಂತವಳು, ತಾನೊಬ್ಬಳೇ ಕೆಡಬಾರದೆಂದೋ ಏನೋ, ಉಳಿದದ್ದನ್ನು ಇನ್ನೂ ಜೋರಾಗಿ ಓದಿದಳು. "ಬಿಳಿ ಕೂದಲಿಗೆ ಡೈ. ಶಾರದಾ ಮೇಡಂ, ಹೈಸ್ಕೂಲು." ಹಿತ್ತಲ ಬಾಗಿಲಿನಿಂದ ಬಂದು ಅಡಿಗೆಮನೆಯ ಪರದೆ ಸರಿಸಿ ಶಾರದಾ ಮೇಡಂ ನಿಂತಿದ್ದು ಸರಿಯಾಗಿ ಆ ಕ್ಷಣಕ್ಕೆ. ಹೆಗಲ ಮೇಲೆ ಹಳೆಯ ಟವೆಲ್. ಹಿಂದೆ ಮೇಡಂ ಕ್ಲಾಸಿನಲ್ಲೇ ಓದಿದ್ದ ರೇಣುಕಾ ಅರ್ಧ ಹುಬ್ಬಿನಲ್ಲೇ ಕುರ್ಚಿಯಿಂದ ತಿರುಗಿ, "ಮೇಡಂ, ಕ್ಲಾಸಿನಾಗ ನಾವೆಲ್ಲ ಪಾಠ ಬಿಟ್ಟು ನಿಮ್ಮ ಜಡೀನೇ ನೋಡ್ತಿದ್ವಲ್ರಿ" ಎಂದಳು. ಪಾಪ, ಹೊಗಳುತ್ತಿದ್ದೇನೆ ಎಂದುಕೊಂಡಿದ್ದಳು. ಮೇಡಂ ಸೀದಾ ಶೆಲ್ಫಿನ ಹತ್ತಿರ ಬಂದು ಪೆಟ್ಟಿಗೆ ತೆಗೆದುಕೊಂಡರು, ಹಣ ಕನ್ನಡಿಯ ಮುಂದಿಟ್ಟರು, ಹೆಸರಿನ ಚೀಟಿ ಕಿತ್ತು ನನ್ನ ಅಂಗೈಯಲ್ಲಿಟ್ಟರು. "ಅಕ್ಷರ ಭಾಳ ಚೆಂದ ಅದಾವ್ರಿ" ಎಂದಷ್ಟೇ ಹೇಳಿ, ಅಷ್ಟು ವರ್ಷಗಳಲ್ಲಿ ಮೊದಲ ಸಲ ಡೈ ಪೆಟ್ಟಿಗೆ ಹಿಡಿದುಕೊಂಡು ಮುಂಬಾಗಿಲಿನಿಂದ ಹೋದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನನಗೆ ಅಳು ಬಂತು.

ಆಮೇಲೆ ನಡೆದದ್ದನ್ನು ಯಾವ ಟ್ರೈನಿಂಗಿನಲ್ಲೂ ಹೇಳಿಕೊಟ್ಟಿರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಎದ್ದು ಶೆಲ್ಫಿಗೆ ಮುತ್ತಿದರು. ತಮ್ಮ ಹೆಸರಿನ ಡಬ್ಬಿ ಹುಡುಕುವುದು, ಎದೆಗೆ ಅವಚಿಕೊಳ್ಳುವುದು, ಹಣ ಎಸೆಯುವುದು, ಹೋಗುವುದು. ಮನೆಯಲ್ಲಿದ್ದವರಿಗೂ ಸುದ್ದಿ ಮುಟ್ಟಿ, ಅಡಿಗೆ ಅರ್ಧಕ್ಕೆ ಬಿಟ್ಟು ಓಡಿ ಬಂದರು. ಊಟದ ಹೊತ್ತಿಗೆ ಶೆಲ್ಫ್ ಖಾಲಿ. ಒಳಗಿನ ಲೈಟ್ ಬರೀ ಗಾಜಿಗೆ ಬೆಳಕು ಕೊಡುತ್ತಿತ್ತು.

ಪ್ರಸಾದ್ ಕುಣಿದಾಡಿಬಿಟ್ಟ. ಖಾಲಿ ಶೆಲ್ಫಿನ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದು ಅವನ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದ. "ಒಂದೇ ದಿನದಲ್ಲಿ! ನಿಮ್ಮ ಟೆಕ್ನಿಕ್ ಏನಕ್ಕಾ?" ಎಂದು ಕೇಳಿದ. ಹೇಳಬಾರದಿತ್ತು, ಹೇಳಿದೆ. "ಪ್ರತಿಯೊಬ್ಬ ಗಿರಾಕಿಗೂ ಹೆಸರು ಹಿಡಿದು ವಿಶೇಷ ಗಮನ ಕೊಟ್ಟೆ." ಅವನು ಅದನ್ನು ಡೈರಿಯಲ್ಲಿ ಬರೆದುಕೊಂಡು, ಮಡಕಶಿರಾ ಕಡೆಯ ಪಾರ್ಲರಿನವರಿಗೆ ನನ್ನ ಕೈಯಿಂದಲೇ ಪಾಠ ಹೇಳಿಸುತ್ತೇನೆ ಎನ್ನುತ್ತಾ ಹೊರಟುಹೋದ. ವಾರದಲ್ಲಿ ಹೊಸ ಕುರ್ಚಿ ಬಂತು, ಜೊತೆಗೆ ಮೊದಲಿಗಿಂತ ಎರಡು ಪಟ್ಟು ಸ್ಟಾಕ್ ಬಂತು.

ಗಿರಾಕಿಗಳು ಬರಲಿಲ್ಲ. ಕೆಂಪು ಬಣ್ಣದ ಮೆತ್ತನೆಯ ಕುರ್ಚಿ, ಗುಂಡಿ ಒತ್ತಿದರೆ ಮೇಲೇಳುತ್ತದೆ, ಇನ್ನೊಂದು ಒತ್ತಿದರೆ ಮಲಗುತ್ತದೆ. ಎರಡು ತಿಂಗಳು ಅದರ ಮೇಲೆ ಮಲಗಿದ್ದು ನಮ್ಮ ಮನೆಯವರೊಬ್ಬರೇ. "ಕಂಪನಿಯವರಿಗೆ ಹೇಳು, ನಿದ್ದಿಗೆ ಭಾಳ ಚಲೋ ಐತಿ ಅಂತ" ಎನ್ನುತ್ತಿದ್ದರು. ಗಂಗಕ್ಕ ಬಳ್ಳಾರಿ ರಸ್ತೆಯ ಗಾಜಿನ ಬಾಗಿಲು ತಳ್ಳಿಕೊಂಡು ಹೋಗುವುದನ್ನು ಕಣ್ಣಾರೆ ಕಂಡೆ. ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಹೆಂಗಸರು ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಶಾರದಾ ಮೇಡಂ ಒಬ್ಬರು ಬಂದರೆ ಉಳಿದವರೂ ಬಂದಾರು ಎಂದು ದಿನಾ ಕಣೇಕಲ್ಲು ಬಸ್ಸಿನ ಹೊತ್ತಿಗೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅವರು ಬರಲಿಲ್ಲವೆಂದರೆ ಪಾರ್ಲರ್ ಮುಚ್ಚುವುದೊಂದೇ ದಾರಿ ಎಂದು ನನಗೆ ಗೊತ್ತಿತ್ತು.

ಒಂದು ದಿನ ಬೆಳಿಗ್ಗೆ ಬಂದರು. ಮುಂಬಾಗಿಲಿನಿಂದ. ನಾನು ಮೊದಲು ಗುರುತೇ ಹಿಡಿಯಲಿಲ್ಲ. ಬೈತಲೆಯ ಎರಡೂ ಕಡೆ ಎರಡು ಬೆರಳಗಲ ಬೆಳ್ಳಗೆ, ಅಲ್ಲಿಂದ ಕೆಳಗೆ ಮಾತ್ರ ಹಳೆಯ ಕಪ್ಪು. ಕೂತರು, "ಐಬ್ರೋ ಮಾಡ್ರಿ" ಎಂದರು. ನಾನು ಕೈ ಜೋಡಿಸಿ, "ಮೇಡಂ, ಸಿಟ್ಟು ಇಲ್ಲೇನ್ರಿ?" ಎಂದೆ.

"ಸಿಟ್ಟು ಐತ್ರಿ. ಸಿಟ್ಟು ಐತಿ ಅಂತ ಹುಬ್ಬು ಬೆಳಿಯೋದು ನಿಲ್ತೈತೇನು?" ಎಂದು ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. "ಹತ್ತು ವರ್ಷ ಬಸ್ಸಿನಾಗ ಕಿಟಕಿ ಕಡೆ ಕೂತಿಲ್ರಿ, ಬಿಸಿಲಿಗೆ ಬುಡದ ಬಿಳಿ ಕಾಣ್ತೈತಿ ಅಂತ. ನೀವು ಬೋರ್ಡೇ ಹಾಕಿದ್ರಿ. ಇನ್ನ ಮುಚ್ಚೋದು ಏನೈತಿ? ಈಗ ಕಿಟಕಿ ಕಡೆನೇ ಕೂಡ್ತೀನಿ. ಗಾಳಿ ಚಲೋ ಬರ್ತೈತಿ."

ನಾನು ದಾರ ಹಲ್ಲಿಗೆ ಕಚ್ಚಿಕೊಂಡೆ. ಇಷ್ಟು ಕಾಳಜಿಯಿಂದ ನಾನು ಯಾರ ಹುಬ್ಬನ್ನೂ ಮಾಡಿರಲಿಲ್ಲ. ಎಲ್ಲ ಮುಗಿದು ಎದ್ದವರು ಕನ್ನಡಿಯಲ್ಲಿ ನನ್ನ ತಲೆಯ ಕಡೆ ನೋಡಿ, "ನಿಮ್ಮದು ಇನ್ನೂ ಎಷ್ಟು ಕಪ್ಪೈತ್ರಿ. ಎಷ್ಟು ವರ್ಷದಿಂದ ಹಚ್ಚಾಕತ್ತೀರಿ?" ಎಂದು ಮೆಲ್ಲಗೆ ಕೇಳಿದರು. ಕೋಣೆಯಲ್ಲಿ ನಾವಿಬ್ಬರೇ. ಅವರ ಗುಟ್ಟನ್ನು ಊರಿಗೆಲ್ಲ ಹಂಚಿದವಳು ನನ್ನದನ್ನು ಅವರೊಬ್ಬರಿಗೆ ಹೇಳಬಹುದಿತ್ತು. "ಇಲ್ರಿ ಮೇಡಂ, ನಮ್ಮ ತಾಯಿ ಕಡಿಯವರದು ಹುಟ್ಟಾ ಹಿಂಗ. ಕರಿಬೇವು ತಿಂತೀವ್ರಿ" ಎಂದೆ. ಅವರು ನಗಲಿಲ್ಲ. "ಹೌದೇನ್ರಿ? ಬೈತಲಿ ಕಡೆ ಒಮ್ಮೆ ನೋಡ್ಕೊಳ್ರಿ" ಎಂದು ಹೇಳಿ ಹೊರಟರು.

ಅವರು ಓಣಿ ದಾಟುವುದನ್ನೇ ಕಾದು ಬಾಗಿಲ ಚಿಲಕ ಹಾಕಿದೆ. ಹೊಸ ಸ್ಟಾಕಿನಿಂದ ಒಂದು ಪೆಟ್ಟಿಗೆ ಒಡೆದು, ಬೈತಲೆಯಿಂದ ಕಿವಿಯವರೆಗೆ ಹಚ್ಚಿ, ಮೇಲೆ ಪ್ಲಾಸ್ಟಿಕ್ ಟೊಪ್ಪಿ ಹಾಕಿಕೊಂಡು ಕೆಂಪು ಕುರ್ಚಿಯಲ್ಲಿ ಕೂತೆ. ಐದು ನಿಮಿಷವೂ ಆಗಿರಲಿಲ್ಲ, ಬಾಗಿಲಲ್ಲಿ ದಬದಬ ಸದ್ದಾಯಿತು.

"ಅಕ್ಕಾ! ಬಾಗ್ಲಾ ತೆಗೀರಿ, ನಾನು ಗಂಗಮ್ಮ. ಮೇಡಂ ಬಂದು ಹೋದ್ರಂತ, ದಾರ್ಯಾಗ ಸಿಕ್ಕಿದ್ರು. ನಂದೂ ಸಿಟ್ಟು ಇಳೀತು. ಐಬ್ರೋ ಮಾಡ್ರಿ, ನಾಗವೇಣಿನೂ ಬಂದಾಳ."

ಎರಡು ತಿಂಗಳು ಕಾದ ಗಿರಾಕಿಗಳು, ಒಬ್ಬರಲ್ಲ, ಇಬ್ಬರು. ನಾನು ಉಸಿರು ಬಿಗಿಹಿಡಿದು ಕೂತೆ. ಹಣೆಯ ಮೇಲೆ ಡೈ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಒಳಗ ಅದೀರಿ ಅಕ್ಕಾ, ಚಪ್ಪಲಿ ಇಲ್ಲೇ ಅದಾವ" ಎಂದಳು ಗಂಗಕ್ಕ. ಸ್ವಲ್ಪ ಹೊತ್ತು ಕಾದರು. ನಾಗವೇಣಿ ಏನೋ ಪಿಸುಗುಟ್ಟಿದಳು, ಇಬ್ಬರೂ ನಕ್ಕರು. ಆಮೇಲೆ ಅವರ ಹೆಜ್ಜೆ ಸದ್ದು ಬಳ್ಳಾರಿ ರಸ್ತೆಯ ಕಡೆಗೆ ಹೋಯಿತು. ಪೆಟ್ಟಿಗೆಯ ಮೇಲೆ ಬರೆದಿದ್ದ ಪ್ರಕಾರ ನನಗೆ ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು.