ಜೇನು ಕೀಳಲು ಬಂದವರೆಂದು ನಾನು ನಂಬಿದ ಅಧಿಕಾರಿಗಳಿಗೆ

ಇದನ್ನು ಓದುತ್ತಿರುವವರು ಯಾರೇ ಆಗಿರಲಿ, ಮೊದಲು ಕೈಯಲ್ಲಿರುವ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿ, ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಮುದುಕಿಯ ಕಾಗದವೆಂದು ಮಡಚಿ ಡ್ರಾಯರಿಗೆ ತುರುಕಿದರೆ, ಮೊದಲ ಬಸ್ಸಿಗೇ ಬಂದು ಎದುರು ಕೂತು ನಾನೇ ಓದಿ ಹೇಳುತ್ತಿದ್ದೆ. ಆದರೆ ನಿಮ್ಮ ಆಫೀಸು ಯಾವುದೆಂದು ಗೊತ್ತಿಲ್ಲ, ನನ್ನ ತಕರಾರೂ ಅದೇ.

ಮುಖ ಕಾಣದ ಮಾನ್ಯರೇ,

ತಮ್ಮ ಪಾದಗಳಿಗೆ ಸತ್ತೇಗಾಲದ ವೀರಮ್ಮನ ನಮಸ್ಕಾರಗಳು. ಪಾದಗಳಿಗೇ ಏಕೆಂದರೆ, ಅಂದು ಕಣ್ಣಿಗೆ ಸರಿಯಾಗಿ ಕಂಡದ್ದು ಅವು ಮಾತ್ರ. ಒಬ್ಬರ ಬೂಟಿನ ದಾರ ಬಿಚ್ಚಿಹೋಗಿತ್ತು. ಎಡವದೆ ಕ್ಷೇಮವಾಗಿ ಊರು ಸೇರಿದರೆಂದು ನಂಬಿದ್ದೇನೆ.

ಹನ್ನೊಂದು ದಿನದ ಕೆಳಗೆ, ಬೆಳಗಿನ ಹೊತ್ತು, ನಂಬರಿನ ಮೇಲೆ ಕೆಸರು ಮೆತ್ತಿದ ಜೀಪಿನಿಂದ ತಾವು ನಾಲ್ವರು ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡು ಇಳಿದಿರಿ. ನಮ್ಮ ಕಡೆ ಹಾಗೆ ಮುಖ ಸುತ್ತಿಕೊಂಡು ಬರುವವರು ಜೇನು ಕೀಳುವವರು ಮಾತ್ರ. ಹಿತ್ತಲಿನ ಹುಣಸೆಮರದ ಹೆಜ್ಜೇನು ತೆಗೆಸಿಕೊಡಿ ಎಂದು ನಾನೂ ಒಂದು ತಿಂಗಳಿಂದ ಊರಿಗೆಲ್ಲ ಹೇಳಿಟ್ಟಿದ್ದೆ. ಹಾಗಾಗಿ "ಬನ್ನಿ ಸಾಮಿ, ಮರ ಇತ್ಲಲ್ಲಿ ಅದೆ, ಇಂಗೆ ಬನ್ನಿ" ಎಂದು ಮಜ್ಜಿಗೆ ಕೊಟ್ಟು, ಮುಂದೆ ನಡೆದು ದಾರಿ ತೋರಿಸಿದವಳು ನಾನೇ. ಬಟ್ಟೆ ಸರಿಸಬೇಕಾಗುತ್ತದೆಂದು ತಮ್ಮಲ್ಲಿ ಯಾರೂ ಲೋಟ ಮುಟ್ಟಲಿಲ್ಲ. ಆಗಲೇ ನನಗೆ ಬುದ್ಧಿ ಬರಬೇಕಿತ್ತು.

ಹಿತ್ತಲಲ್ಲಿ ಮೊಮ್ಮಗಳು ಮೀನಾಳ ಗಂಡ ಮಣಿಕಂಠ ತೆಂಗಿನಕಾಯಿ ಸುಲಿಯುತ್ತಿದ್ದ. ಅವನು ಹುಟ್ಟಿದ್ದು ಮಾರ್ಟಳ್ಳಿ, ಮನೆಮಾತು ತಮಿಳು. ತಮ್ಮನ್ನು ಕಂಡ ಗಾಬರಿಗೆ ಬಾಯಿಂದ ಬಂದದ್ದು "ಯಾರು ನೀಂಗ?" ನೀವು ಯಾರೆಂದು ಕೇಳಿದನಷ್ಟೇ. ಅಷ್ಟಕ್ಕೇ ಇವನು ಹೊರದೇಶದಿಂದ ಕದ್ದು ಬಂದವನೆಂದು ತೀರ್ಮಾನಿಸಿ, ಮಾರ್ಟಳ್ಳಿಯನ್ನು ಹನೂರು ತಾಲ್ಲೂಕಿನಿಂದ ಎತ್ತಿ ಸಮುದ್ರದಾಚೆಗಿಟ್ಟ ತಮ್ಮ ಭೂಗೋಳಜ್ಞಾನಕ್ಕೆ ಶರಣು; ನನಗೆ ಮೂರನೇ ಕ್ಲಾಸಿನವರೆಗೆ ಪಾಠ ಹೇಳಿದ ಮೇಷ್ಟ್ರು ಅಷ್ಟು ಕಲಿತವರಲ್ಲ. ಅವನ ಆಧಾರ್, ರೇಷನ್ ಕಾರ್ಡು ಎಲ್ಲವನ್ನೂ ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡು, ಅವನನ್ನು ಜೀಪಿಗೆ ಹತ್ತಿಸಿದಿರಿ. ಮೀನಾ ಜೀಪಿನ ಬಾಗಿಲು ಹಿಡಿದು "ನಿಮ್ ಕಾರ್ಡ್ ತೋರ್ಸಿ ಸಾ, ಒಂದ್ ಎಸ್ರನ್ನಾದ್ರೂ ಏಳಿ" ಎಂದು ಕೇಳಿದ್ದಕ್ಕೆ ತಮ್ಮಲ್ಲೊಬ್ಬರು "ಅದೆಲ್ಲ ನೀವು ಕೇಳಂಗಿಲ್ಲ" ಎಂದರು. ಜೀಪು ಹೋಯಿತು.

ಅಂದಿನಿಂದ ಮೂರು ಆಫೀಸು ಹತ್ತಿ ಇಳಿದಿದ್ದೇವೆ. ಮೂರರಲ್ಲೂ ನಮ್ಮವರಲ್ಲ ಎಂದರು, ಮೂರರಲ್ಲೂ "ಕರ್ಕೊಂಡೋದೋರ್ ಯಾರಜ್ಜಿ?" ಎಂದು ನನ್ನನ್ನೇ ಕೇಳಿದರು. ಬೂಟಿನ ದಾರ ಬಿಚ್ಚಿದವರು ಎಂದೆ. ಯಾರೂ ಬರೆದುಕೊಳ್ಳಲಿಲ್ಲ.

ಬಸ್ ನಿಲ್ದಾಣಕ್ಕೆ ಸುಣ್ಣ ಬಳಿಸಿದವರೂ ಫೋಟೋ ಹಾಕಿಸಿಕೊಳ್ಳುವ ಈ ಕಾಲದಲ್ಲಿ, ಇಷ್ಟು ದೊಡ್ಡ ದೇಶಸೇವೆ ಮಾಡಿಯೂ ಹೆಸರು ಬೇಡವೆನ್ನುವ ತಮ್ಮ ವಿನಯವನ್ನು ಎಷ್ಟು ಹೊಗಳಿದರೂ ಸಾಲದು. ನನ್ನ ಎಮ್ಮೆಗಾದರೂ ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಬಿಲ್ಲೆಯಿದೆ. ಮಾದಪ್ಪನ ದೇವರಗುಡ್ಡರು ಭಿಕ್ಷೆಗೆ ಬಂದರೂ ಕಂಸಾಳೆ ಹಿಡಿದು, ಯಾವ ಊರಿನವರೆಂದು ಹೇಳಿಯೇ ಜೋಳಿಗೆ ಒಡ್ಡುತ್ತಾರೆ. ಒಂದು ಹಿಡಿ ರಾಗಿ ಒಯ್ಯಲು ಅಷ್ಟು ಬೇಕು. ಒಬ್ಬ ಮನುಷ್ಯನನ್ನು ಒಯ್ಯಲು ಏನೂ ಬೇಡ.

ಆದ್ದರಿಂದ, ಯಾರನ್ನೇ ಹಿಡಿಯಲು ಬರಲಿ, ಮುಖ ತೆರೆದು, ಎದೆಯ ಮೇಲೆ ಹೆಸರು, ಹುದ್ದೆ, ಆಫೀಸು ಬರೆದುಕೊಂಡೇ ಬರಬೇಕೆಂದು ಕಾನೂನು ಮಾಡಿಸಿಕೊಳ್ಳುವ ಕೃಪೆ ಮಾಡಬೇಕು. ನನ್ನ ಬಲಗಣ್ಣಿಗೆ ಪೊರೆ ಬಂದಿರುವುದರಿಂದ ಅಕ್ಷರ ಬಸ್ಸಿನ ಬೋರ್ಡಿನಷ್ಟು ದಪ್ಪ ಇರಲಿ. ಬೋರ್ಡಿನಲ್ಲಿರುವ ಹಾಗೆ ಎಲ್ಲಿಂದ ಎಲ್ಲಿಗೆ, ಕೊಳ್ಳೇಗಾಲದ ಮೇಲೋ ಯಳಂದೂರಿನ ಮೇಲೋ ಎಂಬುದೂ ಇದ್ದರೆ, ಮೀನಾ ಗಂಡನಿಗೆ ಊಟ ಎಲ್ಲಿಗೆ ಒಯ್ಯಬೇಕೆಂದಾದರೂ ತಿಳಿಯುತ್ತದೆ. ದಿನಾ ಡಬ್ಬಿ ಕಟ್ಟಿ ಬಾಗಿಲಲ್ಲಿ ಕೂರುತ್ತಾಳೆ. ತಮ್ಮಲ್ಲಿ ತೀರಾ ನಾಚಿಕೆಯವರಿದ್ದರೆ ಎಮ್ಮೆಯ ಬಿಲ್ಲೆಯನ್ನೇ ಎರವಲು ಕೊಡುತ್ತೇನೆ, ಕಿವಿ ಚುಚ್ಚಲು ದನದ ಡಾಕ್ಟರನ್ನೂ ನಾನೇ ಕರೆಸುತ್ತೇನೆ.

ಮಣಿಕಂಠ ಎಲ್ಲಿದ್ದಾನೆ, ಒಯ್ದ ನಾಲ್ವರ ಹೆಸರೇನು, ಇಷ್ಟು ತಿಳಿಸಿ. ಕೆಳಗೆ ರುಜು ಇರಲಿ.

ಮುಖ ತೆರೆದುಕೊಂಡೇ ಇರುವ ತಮ್ಮ ವಿಶ್ವಾಸಿ,
ವೀರಮ್ಮ
ಹುಣಸೆಮರದ ಮನೆ, ಸತ್ತೇಗಾಲ

ಬರೆಯಲು ಮರೆತದ್ದು: ಹೆಜ್ಜೇನು ಇನ್ನೂ ಅಲ್ಲೇ ಇದೆ. ನಿಜವಾಗಿ ಕೀಳುವವರು ಮೊನ್ನೆ ಬಂದಿದ್ದರು, ನಾನೇ ಬೇಡವೆಂದೆ. ತಾವು ಮತ್ತೆ ಮುಖ ಸುತ್ತಿಕೊಂಡು ಬಂದರೆ ಈ ಸಲವೂ ಜೇನಿನವರೆಂದೇ ತಿಳಿದು ಮರ ಹತ್ತಿಸುತ್ತೇನೆ, ಏಣಿಯನ್ನೂ ಹಿಡಿಯುತ್ತೇನೆ. ಇಳಿಯುವಾಗ ಮಾತ್ರ ಹೆಸರು ಹೇಳಿದವರಿಗಷ್ಟೇ ಏಣಿ. ಹುಳುಗಳಿಗೆ ಈ ತಿಂಗಳು ಮುಗಿಯುವವರೆಗೆ ಕಾಯಿರೆಂದು ಹೇಳಿದ್ದೇನೆ. ಮುಂದಿನ ತಿಂಗಳು ಹುಟ್ಟುವುದರೊಳಗೆ ಉತ್ತರ ಬರೆಯಿರಿ.